ಒಂದು ಕೊರತೆ ಬರೀಬೇಕು

ಮೇಡಂ ನನ್ನ ಅಂಗಡಿಗೆ ಮೊದಲ ಸಲ ಬಂದದ್ದು ಜಗಳಕ್ಕೆ.

ಬನಶಂಕರಿ ಎರಡನೇ ಹಂತದ ಒಂದು ಅಡ್ಡರಸ್ತೆಯಲ್ಲಿ ನನ್ನ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಎದುರಿಗೆ ದರ್ಶಿನಿ ಹೋಟೆಲು, ಎರಡು ತಿರುವು ದಾಟಿದರೆ ಇಂಜಿನಿಯರಿಂಗ್ ಕಾಲೇಜು. ನಾನು ಓದಿದ್ದು ಪಿಯುಸಿ, ಜೊತೆಗೆ ಟೈಪಿಂಗ್ ಸೀನಿಯರ್. ಮೇಡಂ ಆ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತಿದ್ದವರು ಎಂಬುದು ನನಗೆ ಆವತ್ತು ಗೊತ್ತಿರಲಿಲ್ಲ. ಹತ್ತಿ ಸೀರೆ, ಹೆಗಲಲ್ಲಿ ಬಟ್ಟೆಯ ಚೀಲ, ಮೂಗಿನ ತುದಿಗೆ ಜಾರಿದ ಕನ್ನಡಕ, ಕೈಯಲ್ಲಿ ಒಂದು ಹಾಳೆ. ಅಂಗಡಿಯಲ್ಲಿ ನಿಂತಿದ್ದ ಮೂರು ನಾಲ್ಕು ವಿದ್ಯಾರ್ಥಿಗಳು ಅವರನ್ನು ಕಂಡು ಗೋಡೆಗೆ ಒತ್ತಿಕೊಂಡರು.

"ಇದನ್ನ ಯಾರು ಬರೆದಿದ್ದು?" ಎಂದು ಕೇಳಿದರು.

"ನಾನೇ ಟೈಪ್ ಮಾಡಿದ್ದು ಮೇಡಂ."

"ಟೈಪ್ ಮಾಡಿದ್ದು ಯಾರು ಅಂತ ಕೇಳ್ಲಿಲ್ಲ. ಬರೆದಿದ್ದು ಯಾರು?"

ನಿಜವಾಗಿ ನೋಡಿದರೆ ಅದನ್ನು ಯಾರೂ ಬರೆದಿರಲಿಲ್ಲ. ಮಾಸ್ಟರ್ಸ್ ಓದಲು ಹೊರದೇಶಕ್ಕೆ ಅರ್ಜಿ ಹಾಕುವವರು ತಮಗೆ ಪಾಠ ಮಾಡಿದವರಿಂದ ಶಿಫಾರಸು ಪತ್ರ ಕೊಡಿಸಬೇಕು. ಎಲ್‌ಒಆರ್ ಅನ್ನುತ್ತಾರೆ. ನಮ್ಮ ಕಡೆಯ ಪದ್ಧತಿ ಏನೆಂದರೆ, ಸರ್ ಹತ್ತಿರ ಹೋಗಿ ಕೇಳಿದರೆ "ನೀನೇ ಟೈಪ್ ಮಾಡಿಸ್ಕೊಂಡು ಬಾರಪ್ಪ, ಸೈನ್ ಹಾಕ್ತೀನಿ" ಅನ್ನುತ್ತಾರೆ. ಹುಡುಗರು ನನ್ನ ಹತ್ತಿರ ಬರುತ್ತಾರೆ. ನನ್ನ ಕಂಪ್ಯೂಟರಿನಲ್ಲಿ ಯಾವುದೋ ಕಾಲದ ಹಳೆಯ ವಿದ್ಯಾರ್ಥಿಯೊಬ್ಬ ಬಿಟ್ಟುಹೋದ ಒಂದು ಪತ್ರ ಇತ್ತು. ಅದರ ಹೆಸರನ್ನು ಬದಲಾಯಿಸುವುದು, ತಾರೀಖು ಬದಲಾಯಿಸುವುದು, ಪ್ರಿಂಟ್ ಕೊಡುವುದು. ಐದು ನಿಮಿಷದ ಕೆಲಸ. "ಆಂಟಿ, ಎಲ್‌ಒಆರ್ ಒಂದು ಹಾಕಿ" ಎಂದು, ಬೋಂಡಾ ಒಂದು ಪ್ಲೇಟ್ ಹಾಕಿ ಅನ್ನುವ ಹಾಗೆ ಕೇಳುತ್ತಿದ್ದರು.

ಮೇಡಂ ಹಾಳೆಯನ್ನು ಗಾಜಿನ ಕೌಂಟರ್ ಮೇಲೆ ಇಟ್ಟರು. "ಇದು ನನ್ನ ಹತ್ರ ಸೈನಿಗೆ ಬಂದಿದೆ. ಈ ಹುಡುಗಿ ಹೆಸರು ಪಲ್ಲವಿ. ಮೊದಲನೇ ಸಾಲಲ್ಲಿ ಹುಡುಗಿ. ಎರಡನೇ ಸಾಲಿಂದ ಗಂಡು. ಕೊನೇಲಿ ಮತ್ತೆ ಹುಡುಗಿ ಆಗ್ತಾಳೆ. ಅಷ್ಟು ದೂರದಲ್ಲಿ ಕೂತಿರೋರಿಗೆ ಇವಳು ಯಾರು ಅಂತ ಹೇಗ್ರೀ ಗೊತ್ತಾಗ್ಬೇಕು?"

ಗೋಡೆಗೆ ಒತ್ತಿಕೊಂಡಿದ್ದವರು ಕಿಸಕ್ಕನೆ ನಕ್ಕರು. ಮೇಡಂ ಅವರ ಕಡೆ ತಿರುಗಿ, "ನಿಮ್ಮದೂ ಇದೇ ತಾನೇ?" ಎಂದರು. ನಗು ನಿಂತಿತು.

"ಹೋದ ವರ್ಷ ಒಂದೇ ಕ್ಲಾಸಿನ ಮೂರು ಜನ, ಒಂದೇ ಯೂನಿವರ್ಸಿಟಿಗೆ, ಇದೇ ಪತ್ರ ಕಳಿಸಿದಾರೆ. ಮೂರಕ್ಕೂ ಬೇರೆ ಬೇರೆ ಲೆಕ್ಚರರ್ ಸೈನು. ಮೂರರಲ್ಲೂ ಸಿನ್ಸಿಯರ್ ಅನ್ನೋ ಪದಕ್ಕೆ ಒಂದೇ ಸ್ಪೆಲ್ಲಿಂಗ್ ತಪ್ಪು. ಮೂವರಿಗೂ ಸಿಗಲಿಲ್ಲ."

"ನನ್ ಕೆಲಸ ಟೈಪ್ ಮಾಡೋದು ಮೇಡಂ, ಓದೋದಲ್ಲ" ಎಂದುಬಿಟ್ಟೆ.

ಅವರು ಕನ್ನಡಕ ತೆಗೆದು ಅದರ ಕಡ್ಡಿಯಿಂದ ಕೌಂಟರಿನ ಗಾಜನ್ನು ಎರಡು ಸಲ ತಟ್ಟಿದರು. ಇದು ಅವರ ಅಭ್ಯಾಸ ಎಂದು ಆಮೇಲೆ ತಿಳಿಯಿತು. "ಅದೇ ನೋಡಿ ನಿಮ್ಮ ಕೊರತೆ" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಡಾಕ್ಟರು ರಕ್ತ ಕಡಿಮೆ ಇದೆ ಅನ್ನುವ ಹಾಗೆ ಹೇಳಿದರು. ಚೀಲದಿಂದ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ತೆಗೆದು, ಹಿಂಬದಿಯ ಖಾಲಿ ಮಗ್ಗುಲಿನಲ್ಲಿ, ನಿಂತುಕೊಂಡೇ ಪಲ್ಲವಿಯ ಪತ್ರ ಬರೆದರು. ಟೈಪ್ ಮಾಡಿದೆ. "ಈಗ ಓದಿ. ಗಟ್ಟಿಯಾಗಿ" ಎಂದರು. ಅಷ್ಟು ಜನರ ಮುಂದೆ ತಡವರಿಸುತ್ತಾ ಇಂಗ್ಲಿಷ್ ಓದಿದೆ. ನಡುವೆ ಒಂದು ಸಾಲು ಬಂತು. ಈ ಹುಡುಗಿ ಬರೆದ ಪ್ರೋಗ್ರಾಮ್ ಸರಿಯಾಗಿ ಓಡುತ್ತದೆ, ಆದರೆ ಬೇರೆಯವರಿಗೆ ತಿಳಿಯುವ ಹಾಗೆ ಬರೆಯುವ ತಾಳ್ಮೆ ಇವಳಿಗೆ ಇನ್ನೂ ಬಂದಿಲ್ಲ ಎಂದು.

"ಮೇಡಂ, ಇದು ಬೈದ ಹಾಗಿದೆಯಲ್ಲ?"

"ಒಂದು ಕೊರತೆ ಬರೀಬೇಕು ಕಣ್ರೀ. ಬರೀಲಿಲ್ಲ ಅಂದ್ರೆ ಉಳಿದಿದ್ದನ್ನ ಯಾರು ನಂಬ್ತಾರೆ? ಕೊರತೆ ಗೊತ್ತಿದೆ ಅಂದ್ರೆ, ಈ ಟೀಚರ್ರು ಹುಡುಗೀನ ನೋಡಿದಾರೆ ಅಂತ ಅರ್ಥ."

ಪಲ್ಲವಿಗೆ ಆ ವರ್ಷ ಸೀಟು ಸಿಕ್ಕಿತು. ಆ ಸಾಲಿನಿಂದಲೇ ಸಿಕ್ಕಿತು ಎಂದು ನಾನು ಹೇಳಲಾರೆ. ಮೇಡಂ ಕೂಡ ಹೇಳುತ್ತಿರಲಿಲ್ಲ.

ಆಮೇಲೆ ಎಂಟೊಂಬತ್ತು ವರ್ಷ ಅವರು ನನ್ನ ಅಂಗಡಿಗೆ ಬಂದರು. ಕಾಲೇಜು ಮುಗಿಸಿ ಚಿಕ್ಕಲಸಂದ್ರದ ಮನೆಗೆ ಹೋಗುವ ಮೊದಲು ಅರ್ಧ ಗಂಟೆ. ಗಿರಾಕಿಗಳು ಇದ್ದಷ್ಟು ಹೊತ್ತು ಸ್ಟೂಲ್ ಖಾಲಿ ಇದ್ದರೂ ಕೂರುತ್ತಿರಲಿಲ್ಲ. ಎಲ್ಲರೂ ಹೋದ ಮೇಲೆ ಕೂತು, "ಒಂದು ಬೈಟು ಕಾಫಿ ಹೇಳಿ ನಾಗರತ್ನ" ಅನ್ನುತ್ತಿದ್ದರು. ನಾನು ಎದುರಿಗೆ ಕೈ ಎತ್ತಿ ಎರಡು ಬೆರಳು ತೋರಿಸಿದರೆ ಕಾಫಿ ಬರುತ್ತಿತ್ತು. ಅವರು ಯಾವತ್ತೂ ಕಡಿಮೆ ಇದ್ದ ಲೋಟವನ್ನು ತಾವು ತೆಗೆದುಕೊಳ್ಳುತ್ತಿದ್ದರು. ನಾನು ಬೇಡವೆಂದರೆ "ನನಗೆ ಸಕ್ಕರೆ ಇದೆ" ಅನ್ನುತ್ತಿದ್ದರು. ಅವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ.

ನನ್ನ ಅಂಗಡಿಯ ಎಡಗಡೆ ಗೋಡೆಯ ಮೇಲೆ ಅವರ ಪಟ್ಟಿ ಇರುತ್ತಿತ್ತು. ಮಾಸ್ಟರ್ಸ್ ಓದಲು ದುಡ್ಡು ಕೊಟ್ಟು ಓದಿಸುವ ಜಾಗಗಳ ಪಟ್ಟಿ. ಸ್ಕೇಲಿಟ್ಟು ಗೆರೆ ಎಳೆದು, ಕೈಯಲ್ಲೇ ಬರೆದು ತರುತ್ತಿದ್ದರು. ನಾನು ಟೈಪ್ ಮಾಡಿ ಅಂಟಿಸುತ್ತಿದ್ದೆ. ದೇಶ, ವಿಶ್ವವಿದ್ಯಾಲಯ, ಕೊನೆಯ ದಿನ, ಫೀಸು ಮಾಫಿ ಇದೆಯೋ ಇಲ್ಲವೋ. ಕೊನೆಯ ಕಾಲಂಗೆ ಅವರು ಇಟ್ಟಿದ್ದ ಹೆಸರು 'ಊಟ'.

"ಎಲ್ಲಾ ಫಂಡೆಡ್ ಅಂತ ಹಾಕಿರ್ತಾರೆ. ಫೀಸ್ ಬಿಟ್ರೆ ಅದು ಅರ್ಧ ಫಂಡೆಡ್. ಅಲ್ಲಿ ಇರೋಕೆ, ತಿನ್ನೋಕೆ ತಿಂಗಳು ತಿಂಗಳು ಕೊಟ್ರೆ ಪೂರ್ತಿ. ಹುಡುಗರು ಸೀಟ್ ಬಂದ ಪತ್ರದ ಮೊದಲನೇ ಪುಟ ಓದಿ ಕುಣೀತಾರೆ. ಊಟ ಇರೋದು ಎರಡನೇ ಪುಟದಲ್ಲಿ."

ಒಂದು ಸಲ, ಹೊರದೇಶಕ್ಕೆ ಕಳಿಸುವ ಕನ್ಸಲ್ಟೆನ್ಸಿಯ ಒಬ್ಬರು ಒಂದು ದೊಡ್ಡ ಪೋಸ್ಟರ್ ತಂದು, ಅಂಗಡಿಯಲ್ಲಿ ಹಾಕಿಕೊಳ್ಳಿ ಎಂದರು. ಮೇಡಂ ಸ್ಟೂಲ್ ಮೇಲೆ ಇದ್ದರು. ಪೋಸ್ಟರನ್ನು ಮೇಲಿನಿಂದ ಕೆಳಗೆ ಪೂರ್ತಿ ಓದಿ, "ಇದ್ರಲ್ಲಿ ಊಟ ಎಲ್ಲಿದೆ ಸಾರ್?" ಎಂದು ಕೇಳಿದರು.

"ಊಟಾನಾ? ಹಾಸ್ಟೆಲ್ ಇರತ್ತೆ ಮೇಡಂ, ವೆಜ್ ಸಿಗತ್ತೆ."

"ವೆಜ್ಜೋ ನಾನ್‌ವೆಜ್ಜೋ ಆಮೇಲೆ ನೋಡೋಣ. ಯಾರು ಕೊಡ್ತಾರೆ?"

"ಸ್ಟೂಡೆಂಟ್ಸ್ ಪಾರ್ಟ್‌ಟೈಮ್ ಮಾಡ್ಕೋತಾರೆ ಮೇಡಂ. ಎಲ್ರೂ ಹಾಗೇ ಮ್ಯಾನೇಜ್ ಮಾಡೋದು."

"ಹಾಗಾದ್ರೆ ಇಲ್ಲಿ ಫುಲ್ಲಿ ಫಂಡೆಡ್ ಅಂತ ಬರೆದಿರೋದು ಯಾರ ಬಗ್ಗೆ? ಸ್ಟೂಡೆಂಟ್ ಬಗ್ಗೆನಾ, ನಿಮ್ಮ ಆಫೀಸ್ ಬಗ್ಗೆನಾ?"

ಆ ಮನುಷ್ಯ ಪೋಸ್ಟರ್ ಸುತ್ತಿಕೊಂಡು ಹೋದರು. ಮತ್ತೆ ಬರಲಿಲ್ಲ. ನನಗೆ ಸ್ವಲ್ಪ ಬೇಜಾರೇ ಆಯಿತು, ಪಾಪ ಬಿಸಿಲಲ್ಲಿ ಬಂದಿದ್ದರು. ಮೇಡಂಗೂ ಆಮೇಲೆ ಹಾಗೇ ಅನ್ನಿಸಿರಬೇಕು. "ಒಂದು ಲೋಟ ನೀರಾದ್ರೂ ಕೊಡ್ಬೇಕಿತ್ತು" ಎಂದರು.

ಊಟದ ಕಾಲಂ ಎಲ್ಲಿಂದ ಬಂತು ಎಂದು ನಾನು ಒಮ್ಮೆ ಕೇಳಿದ್ದೆ. ತುಂಬಾ ಹಿಂದೆ ಅವರಿಗೇ ಹೊರಗೆ ಒಂದು ಕಡೆ ಸೀಟು ಸಿಕ್ಕಿತ್ತಂತೆ. ಫೀಸು ಪೂರ್ತಿ ಮಾಫಿ. ಮನೆಯವರೆಲ್ಲ ಸೇರಿ ಸಿಹಿ ಮಾಡಿ ಬೀದಿಗೆಲ್ಲ ಹಂಚಿದ್ದೂ ಆಯಿತು. "ನಾನು ಎರಡನೇ ಪುಟ ಓದಿರ್ಲಿಲ್ಲ" ಎಂದರು. ಅಷ್ಟೇ ಹೇಳಿದ್ದು. ಕಾಫಿ ಮುಗಿಸಿ ಬಸ್ಸಿಗೆ ಹೋದರು.

ಅವರು ಹುಡುಕುತ್ತಿದ್ದ ರೀತಿಯೇ ಬೇರೆ. ಯಾವ ವಿಶ್ವವಿದ್ಯಾಲಯ ಎಷ್ಟನೇ ನಂಬರ್ ಎಂಬುದನ್ನು ನೋಡುತ್ತಲೇ ಇರಲಿಲ್ಲ. ನನ್ನ ಕಂಪ್ಯೂಟರಿನಲ್ಲಿ ಒಂದೊಂದು ಪ್ರೊಫೆಸರ ಪುಟ ತೆಗೆದು, ಅವರ ಹತ್ತಿರ ಈಗ ಓದುತ್ತಿರುವವರ ಫೋಟೋಗಳನ್ನು ನೋಡುತ್ತಿದ್ದರು. ಅದರಲ್ಲಿ ಮಾಸ್ಟರ್ಸ್ ಹುಡುಗರು ಇದ್ದಾರೆಯೇ, ಬರೀ ಪಿಎಚ್‌ಡಿಯವರೇ? ಮಾಸ್ಟರ್ಸ್‌ನವರು ಇದ್ದರೆ, ಪ್ರೊಫೆಸರಿಗೆ ಬರೆಯುವ ಮೊದಲು ಆ ಹುಡುಗರಿಗೇ ಬರೆಯಬೇಕು. ನಿಮಗೆ ದುಡ್ಡು ಮೊದಲ ಸೆಮಿಸ್ಟರಿನಿಂದಲೇ ಬಂತೇ, ಆಮೇಲೆ ಬಂತೇ ಎಂದು ಕೇಳಬೇಕು. ಬರೀ ಪರೀಕ್ಷೆ ಬರೆದು ಮುಗಿಸುವ ಕೋರ್ಸಿಗೆ ಯಾರೂ ಕೊಡುವುದಿಲ್ಲ, ಥೀಸಿಸ್ ಇರುವ ಕಡೆ ಕೊಡುತ್ತಾರೆ. "ಎಲ್ಲಿ ಕೆಲಸ ಇರತ್ತೋ ಅಲ್ಲಿ ದುಡ್ಡಿರತ್ತೆ" ಅನ್ನುತ್ತಿದ್ದರು. ನಮ್ಮ ದೇಶದೊಳಗೇ ಸ್ಟೈಪೆಂಡ್ ಕೊಟ್ಟು ರಿಸರ್ಚ್ ಮಾಸ್ಟರ್ಸ್ ಮಾಡಿಸುವ ಸರ್ಕಾರಿ ಸಂಸ್ಥೆಗಳನ್ನು ಪಟ್ಟಿಯ ಮೇಲ್ಭಾಗದಲ್ಲೇ ಬರೆಯುತ್ತಿದ್ದರು. ಹುಡುಗರು ಅವನ್ನು ಹಾರಿಸಿ ಕೆಳಗೆ ಓದುತ್ತಿದ್ದರು.

ದೇವರ ವಿಷಯದಲ್ಲಿ ಅವರು ಏನು ಎಂದು ನನಗೆ ಗೊತ್ತಾಗಲೇ ಇಲ್ಲ. ನಾನು ಮಂಗಳವಾರ ರಾಹುಕಾಲದಲ್ಲಿ ಬನಶಂಕರಿ ಗುಡಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚುತ್ತೇನೆ. ಕರೆದರೆ ಬರುತ್ತಿರಲಿಲ್ಲ. "ನೀವೇ ಹೋಗ್ಬನ್ನಿ. ಹಂಗೇ ನಮ್ ಹುಡುಗರದ್ದೂ ಒಂದು ಹಚ್ಚಿಬಿಡಿ. ಅಪ್ಲಿಕೇಶನ್ ನಂಬರ್ ಹೇಳ್ಬೇಕಾ ಅಮ್ಮನಿಗೆ?" ಎಂದು ನಗುತ್ತಿದ್ದರು.

ಶಿವಲೀಲಾ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲು ಕೂತದ್ದೇ ಅದಕ್ಕೆ.

ಅವಳು ಬಾಗಲಕೋಟೆ ಕಡೆಯವಳು. ನಮ್ಮ ಕಾಲೇಜಿನಲ್ಲೇ ಮೇಡಂ ಕೈಯಲ್ಲಿ ಓದಿ, ಈಗ ಸುದ್ದಗುಂಟೆಪಾಳ್ಯದ ಪಿಜಿಯಲ್ಲಿದ್ದುಕೊಂಡು ಒಂದು ಆಫೀಸಿನಲ್ಲಿ ಟೆಸ್ಟಿಂಗ್ ಕೆಲಸ ಮಾಡುತ್ತಿದ್ದಳು. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ. ತಾಯಿ ಅಂಗನವಾಡಿ ಸಹಾಯಕಿ. ತಮ್ಮನ ಡಿಪ್ಲೊಮಾ ಇವಳ ಸಂಬಳದಲ್ಲೇ ಮುಗಿದಿತ್ತು. "ಇನ್ನ ಮನಿಗೆ ಕಳಸೋದು ನಿಂದರಸಬಹುದು ಅಕ್ಕಾರ. ಮನಿಯಿಂದ ತರಸಾಕ ಆಗಂಗಿಲ್ಲ" ಎಂದಿದ್ದಳು. ಅವಳ ಲೆಕ್ಕ ಅಷ್ಟು ಸ್ಪಷ್ಟ. ಊಟದ ಕಾಲಂ ತುಂಬಿದ್ದರೆ ಓದು, ಇಲ್ಲದಿದ್ದರೆ ಇಲ್ಲ.

ಅವಳದು ಮಾತು ಕಡಿಮೆ. ಪ್ರಿಂಟ್ ಮಸುಕಾಗಿ ಬಂದರೂ ಹೇಳುತ್ತಿರಲಿಲ್ಲ, ತೆಗೆದುಕೊಂಡು ಹೋಗುತ್ತಿದ್ದಳು. ಮೇಡಂ ಅದನ್ನು ನೋಡಿ, "ನಾಲ್ಕು ವರ್ಷ ನನ್ನ ಕ್ಲಾಸಲ್ಲಿ ಕೂತಿದ್ಲು. ಒಂದು ದಿನಾನೂ ಕೈ ಎತ್ತಿಲ್ಲ. ಅರ್ಥ ಆಗದಿದ್ರೆ ಮನೆಗೆ ಹೋಗಿ ತಾನೇ ಗುದ್ದಾಡ್ತಾಳೆ, ಕೇಳಲ್ಲ" ಎಂದರು. ಅವಳು ತಲೆ ತಗ್ಗಿಸಿ ನಕ್ಕಳು.

ಮೇಡಂ ಅವಳಿಗಾಗಿ ಎರಡು ತಿಂಗಳು ಹುಡುಕಿದರು. ಕೊನೆಗೆ ಕೆನಡಾದ ಒಂದು ವಿಶ್ವವಿದ್ಯಾಲಯದಲ್ಲಿ ಒಬ್ಬ ಪ್ರೊಫೆಸರಮ್ಮ ಸಿಕ್ಕರು. ಪ್ರೋಗ್ರಾಮುಗಳಲ್ಲಿ ತಪ್ಪು ಹೇಗೆ ಹುಡುಕಬೇಕು ಎಂಬುದೇ ಅವರ ಸಂಶೋಧನೆ. ಅವರ ಪುಟದಲ್ಲಿ ಮಾಸ್ಟರ್ಸ್ ಹುಡುಗಿಯರಿಬ್ಬರ ಫೋಟೋ ಇತ್ತು. ಮೇಡಂ ಕನ್ನಡಕದ ಕಡ್ಡಿಯಿಂದ ಪರದೆಯನ್ನು ತಟ್ಟಿ, "ನೋಡು ಲೀಲಾ, ನೀನು ದಿನಾ ಆಫೀಸಲ್ಲಿ ಮಾಡೋ ಕೆಲಸಾನ ಇವ್ರು ಕೂತು ಓದ್ತಿದಾರೆ" ಎಂದರು. ಇಬ್ಬರಲ್ಲಿ ಒಬ್ಬಳಿಗೆ ಬರೆಸಿದರು. ಮೊದಲ ಸೆಮಿಸ್ಟರಿನಿಂದಲೇ ಬರುತ್ತದೆ ಎಂದು ಉತ್ತರ ಬಂತು. ಬೇರೆಲ್ಲೂ ಇಷ್ಟು ಸರಿಯಾಗಿ ಹೊಂದಿರಲಿಲ್ಲ. ಶಿವಲೀಲಾ ಅದೊಂದಕ್ಕೇ ಅರ್ಜಿ ಹಾಕಿದಳು. ಕೊನೆಯ ದಿನ ಡಿಸೆಂಬರ್ ಹದಿನೈದು.

ಈಗಿನ ಪದ್ಧತಿಯಲ್ಲಿ ಪತ್ರವನ್ನು ವಿದ್ಯಾರ್ಥಿ ಕಳಿಸುವ ಹಾಗಿಲ್ಲ. ಟೀಚರ ಮೇಲ್‌ಗೆ ಒಂದು ಲಿಂಕ್ ಬರುತ್ತದೆ, ಅವರೇ ಅದರಲ್ಲಿ ಹಾಕಬೇಕು. ಪತ್ರವನ್ನು ನಾನು ನೋಡುವುದಿಲ್ಲ ಎಂದು ವಿದ್ಯಾರ್ಥಿ ಟಿಕ್ ಮಾಡಿ ಒಪ್ಪಿಕೊಂಡಿರುತ್ತಾನೆ. ಮೇಡಂ ಪ್ರಶ್ನೆಪತ್ರಿಕೆಯ ಹಿಂದೆ ಬರೆದು ತಂದು, ನಾನು ಟೈಪ್ ಮಾಡಿ, ಗಟ್ಟಿಯಾಗಿ ಓದಿ, ಅವರು ತಿದ್ದಿ, ಆಮೇಲೆ ನನ್ನ ಅಂಗಡಿಯಿಂದಲೇ ಕಳಿಸುವುದು ನಮ್ಮ ಕ್ರಮವಾಗಿತ್ತು. ನವೆಂಬರ್ ಕೊನೆಯಲ್ಲಿ, "ಲೀಲಾದು ಬರೀಬೇಕು, ಈ ವಾರ ತರ್ತೀನಿ" ಎಂದು ಹೋದರು.

ಆ ವಾರ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಜಯನಗರದ ಕಡೆ ಒಂದು ಆಸ್ಪತ್ರೆಯಲ್ಲಿದ್ದಾರೆ ಎಂದು ಕಾಲೇಜಿನ ಅಟೆಂಡರ್ ಹೇಳಿದ. ಕಾಯಿಲೆ ಒಂದು ವರ್ಷದಿಂದ ಇತ್ತಂತೆ. ನಮಗೆ ಯಾರಿಗೂ ಗೊತ್ತಿರಲಿಲ್ಲ. ನಾನೂ ಶಿವಲೀಲಾಳೂ ಹೋಗಿ ನೋಡಿಬಂದೆವು. ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತಿದ್ದರು. "ಅಂಗಡಿ ಯಾರು ನೋಡ್ಕೊಳ್ತಿದಾರೆ?" ಎಂದು ನನ್ನನ್ನು ಕೇಳಿದರು. ಶಿವಲೀಲಾಳನ್ನು "ಆಫೀಸಿಗೆ ರಜ ಹಾಕಿದ್ಯಾ? ಯಾಕೆ ಹಾಕ್ದೆ?" ಎಂದರು. ಕಾಲು ಗಂಟೆ ಕೂತೆವು. ಹೊರಗೆ ಬಂದ ಮೇಲೆ ಪತ್ರದ ವಿಷಯ ಯಾಕೆ ಕೇಳಲಿಲ್ಲ ಎಂದೆ.

"ಹೆಂಗ ಕೇಳ್ಲಿರಿ ಅಕ್ಕಾರ? ಕೈಗೆ ಸೂಜಿ ಚುಚ್ಚ್ಯಾರ. ನಂದೊಂದ ಪತ್ರ ಬರೀರಿ ಅಂತ ಹೆಂಗ ಅನ್ಲಿ?"

ನಾನೂ ಕೇಳಿರಲಿಲ್ಲ.

ಮೇಡಂ ಡಿಸೆಂಬರ್ ಹನ್ನೊಂದಕ್ಕೆ ತೀರಿಕೊಂಡರು. ಅರ್ಜಿಯ ಪುಟದಲ್ಲಿ ಮೂರು ಟೀಚರುಗಳ ಹೆಸರಿತ್ತು. ಎರಡು ಹೆಸರಿನ ಮುಂದೆ ಹಸಿರು ಟಿಕ್. ಮೇಡಂ ಹೆಸರಿನ ಮುಂದೆ ಪೆಂಡಿಂಗ್ ಎಂದಿತ್ತು.

ಮಾರನೆಯ ದಿನ ಕಾಲೇಜಿನಿಂದ ಅವರ ಜೊತೆಯ ಲೆಕ್ಚರರ್ ಒಬ್ಬರು ಮೇಡಂ ಫೋಟೋ ತಂದು, ಶ್ರದ್ಧಾಂಜಲಿಯ ಹಾಳೆ ಮಾಡಿಕೊಡಿ ಎಂದರು. ಹೋದ ವರ್ಷ ಒಬ್ಬ ಸರ್ ತೀರಿಕೊಂಡಾಗ ಮಾಡಿದ್ದು ನನ್ನ ಹತ್ತಿರ ಇತ್ತು. "ಅದ್ರಲ್ಲೇ ಹೆಸರು, ಫೋಟೋ ಚೇಂಜ್ ಮಾಡಿಬಿಡಿ, ಸಾಕು" ಎಂದರು. ತೆರೆದೆ. ಸರಳ, ಸಜ್ಜನ, ಶಿಸ್ತಿನ ಸಿಪಾಯಿ ಎಂದಿತ್ತು. ಕೊನೆಯಲ್ಲಿ, ಮೃತರು ಪತ್ನಿಯನ್ನು ಅಗಲಿದ್ದಾರೆ ಎಂದಿತ್ತು.

"ಸಾರ್, ಇದು ಬೇಡ" ಎಂದೆ. "ಅವರ ಬಗ್ಗೆ ನೀವೇ ಒಂದು ಸಾಲು ಹೇಳಿ, ಹಾಕ್ತೀನಿ."

"ಏನು ಹೇಳೋದು? ಒಳ್ಳೆಯೋರು."

"ಕೊರತೆ ಏನಾದ್ರೂ ಇದ್ರೆ ಹೇಳಿ."

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಮರುಗಳಿಗೆಗೆ ಅವರಿಗೇ ನಗು ಬಂತು. "ಸ್ಟಾಫ್ ಮೀಟಿಂಗಿಗೆ ಒಂದು ಸಲಾನೂ ಟೈಮಿಗೆ ಬರ್ಲಿಲ್ಲ ಕಣ್ರೀ. ಪ್ರಿನ್ಸಿಪಾಲರು ಬೈದು ಬೈದು ಸಾಕಾದ್ರು. ಕ್ಲಾಸಿಗೆ ಮಾತ್ರ ಯಾವತ್ತೂ ಲೇಟಿಲ್ಲ." ಆಮೇಲೆ ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಂಡರು. ನಾನು ಅದನ್ನೇ ಟೈಪ್ ಮಾಡಿದೆ. ಸಭೆಗಳಿಗೆ ತಡವಾಗಿ ಬರುತ್ತಿದ್ದರು, ತರಗತಿಗೆ ಎಂದೂ ಅಲ್ಲ. ಕಾಲೇಜಿನ ಗೇಟಿನಲ್ಲಿ ಆ ಹಾಳೆ ಹದಿಮೂರು ದಿನ ಇತ್ತು. ಹುಡುಗರು ಅದರ ಮುಂದೆ ನಿಂತು ಓದುತ್ತಿದ್ದರಂತೆ. ಆವತ್ತೇ ಹಳೆಯ ಎರಡು ಫೈಲುಗಳನ್ನೂ, ಎಲ್‌ಒಆರ್‌ದು ಮತ್ತು ಶ್ರದ್ಧಾಂಜಲಿಯದು, ಅಳಿಸಿಹಾಕಿದೆ. ಮೊದಲನೆಯದನ್ನು ಒಂಬತ್ತು ವರ್ಷ ಮೊದಲೇ ಅಳಿಸಬೇಕಿತ್ತು.

ಹದಿನೈದನೇ ತಾರೀಖು ಕಳೆಯಿತು. ಪೆಂಡಿಂಗ್ ಹಾಗೇ ಇತ್ತು. ಶಿವಲೀಲಾ ಆಫೀಸಿನಿಂದ ಬರುವಾಗ ದಿನಾ ಅಂಗಡಿಗೆ ಬಂದು ನಿಲ್ಲುತ್ತಿದ್ದಳು. ನಾನು ಪುಟ ತೆಗೆಯುತ್ತಿದ್ದೆ. ಇಬ್ಬರೂ ನೋಡುತ್ತಿದ್ದೆವು. ಮುಚ್ಚುತ್ತಿದ್ದೆ.

"ಅಲ್ಲಿಯ ಆಫೀಸಿಗೆ ಒಂದು ಮೇಲ್ ಹಾಕು ಲೀಲಾ. ಹೀಗಾಗಿದೆ, ಬೇರೆಯವರ ಹತ್ರ ಬರೆಸ್ಲಾ ಅಂತ ಕೇಳು. ಕೇಳಿದ್ರೆ ಏನಾಗತ್ತೆ?"

"ತೀರಿಕೊಂಡವ್ರ ಹೆಸರ ಹಿಡದು ಸೀಟ್ ಕೇಳಿದಂಗ ಆಗತೈತ್ರಿ. ಬ್ಯಾಡ. ಬರಂಗಿದ್ರ ಬರತೈತಿ."

ನನಗೆ ಅವಳ ಮೇಲೆ ಸಿಟ್ಟು ಬಂತು. ಮೇಡಂ ಇದ್ದಿದ್ದರೆ ಕನ್ನಡಕದ ಕಡ್ಡಿಯಿಂದ ಅವಳ ತಲೆಯನ್ನೇ ತಟ್ಟುತ್ತಿದ್ದರು. ಇನ್ನೊಂದು ಕಡೆ ಮೇಡಂ ಮೇಲೂ ಸಿಟ್ಟು ಬರುತ್ತಿತ್ತು, ಅದು ಬಂದದ್ದಕ್ಕೆ ನಾಚಿಕೆಯೂ ಆಗುತ್ತಿತ್ತು. ಎರಡು ತಿಂಗಳು ಹುಡುಕಿ ಬಾಗಿಲ ತನಕ ಕರೆತಂದು, ಕೊನೆಯ ಹೆಜ್ಜೆಗೆ ಕೈಬಿಟ್ಟರಲ್ಲ ಎಂದು. ಮಂಗಳವಾರ ದೀಪ ಹಚ್ಚುವಾಗ ಅರ್ಜಿಯ ನಂಬರನ್ನೂ ಹೇಳಿಬಿಟ್ಟೆ.

ಜನವರಿ ಕೊನೆಯಲ್ಲಿ ಆ ಪ್ರೊಫೆಸರಮ್ಮ, ವಿಡಿಯೋದಲ್ಲಿ ಮಾತಾಡಬೇಕು ಎಂದು ಬರೆದರು. ಪಿಜಿಯ ರೂಮಿನಲ್ಲಿ ನಾಲ್ಕು ಜನ, ಪಕ್ಕದಲ್ಲಿ ಕಟ್ಟಡದ ಕೆಲಸ. ಶಿವಲೀಲಾ ನನ್ನ ಅಂಗಡಿಯಿಂದಲೇ ಮಾತಾಡಲು ಬಂದಳು. ನಮಗೆ ಸಂಜೆ ಏಳು, ಅವರಿಗೆ ಬೆಳಿಗ್ಗೆ. ನಾನು ಶಟರ್ ಅರ್ಧ ಇಳಿಸಿ, ಜೆರಾಕ್ಸ್ ಮಿಷನ್ ಆರಿಸಿ, ಕೌಂಟರಿನ ಈಚೆ ಸ್ಟೂಲ್ ಮೇಲೆ ಕೂತೆ. ಇಷ್ಟು ವರ್ಷ ಪತ್ರಗಳನ್ನು ಗಟ್ಟಿಯಾಗಿ ಓದಿ ಓದಿ ನನಗೆ ಆ ಇಂಗ್ಲಿಷ್ ಮುಕ್ಕಾಲು ಪಾಲು ಅರ್ಥವಾಗುತ್ತಿತ್ತು.

ಮೊದಲು ಟೆಸ್ಟಿಂಗ್ ಬಗ್ಗೆ ಕೇಳಿದರು. ಶಿವಲೀಲಾ ಚೆನ್ನಾಗಿಯೇ ಹೇಳಿದಳು. ಆಮೇಲೆ ಅವರು ಕಾಗದ ಸರಿಸಿದ ಸದ್ದು ಕೇಳಿಸಿತು. ನನಗೆ ಅರ್ಥವಾದದ್ದು ಇಷ್ಟು. ನಿಮ್ಮ ಟೀಚರ್ ನಿಮ್ಮಲ್ಲಿ ಒಂದು ಕೊರತೆ ಇದೆ ಎಂದು ಬರೆದಿದ್ದಾರೆ. ಕೇಳಬೇಕಾದಾಗ ನೀವು ಕೇಳುವುದಿಲ್ಲವಂತೆ. ಇದು ನಿಜವೇ?

ಶಿವಲೀಲಾ ಮಾತಾಡುವುದೇ ಇಲ್ಲವೇನೋ ಎಂದು ನನಗೆ ಭಯವಾಯಿತು. ಆಮೇಲೆ ಅವಳ ದನಿ ಬಂತು, ಇಂಗ್ಲಿಷಿನಲ್ಲಿ, ನಿಧಾನವಾಗಿ. "ಹೌದು, ನಿಜ. ಅವರು ಈ ಪತ್ರ ಕಳಿಸಿದರೋ ಇಲ್ಲವೋ ಎಂದು ಕೂಡ ನಾನು ಅವರನ್ನು ಕೇಳಲಿಲ್ಲ. ಅವರು ತೀರಿಕೊಂಡರು. ನಿಮ್ಮನ್ನೂ ಕೇಳಲಿಲ್ಲ. ಇವತ್ತಿನವರೆಗೂ ನನಗೆ ಗೊತ್ತಿರಲಿಲ್ಲ."

ಪ್ರೊಫೆಸರಮ್ಮ ಮೆಲ್ಲಗೆ ಹೇಳಿದರು. ಲಿಂಕ್ ಫೋನಿನಲ್ಲಿ ತೆರೆಯಲಿಲ್ಲವೆಂದು ಮೇಡಂ ನೇರವಾಗಿ ಅವರಿಗೇ ಮೇಲ್ ಮಾಡಿದ್ದರಂತೆ. ಆಸ್ಪತ್ರೆಯಲ್ಲಿದ್ದೇನೆ, ಫೋನಿನಲ್ಲಿ ಒಂದು ಬೆರಳಿನಿಂದ ಟೈಪ್ ಮಾಡುತ್ತಿದ್ದೇನೆ, ನನ್ನ ಪತ್ರಗಳನ್ನು ಓದಿ ತಪ್ಪು ಹಿಡಿಯುವವರು ಈಗ ಜೊತೆಗಿಲ್ಲ, ತಪ್ಪುಗಳಿದ್ದರೆ ಕ್ಷಮಿಸಿ ಎಂದು ಬರೆದಿದ್ದರಂತೆ. ಅದರ ತಾರೀಖು ನಾವು ಆಸ್ಪತ್ರೆಗೆ ಹೋಗಿದ್ದಕ್ಕೆ ಸರಿಯಾಗಿ ಒಂದು ದಿನ ಹಿಂದಿನದು. ನಾವು ಕೇಳದೆ ಎದ್ದು ಬಂದಾಗ ಪತ್ರ ಆಗಲೇ ಹೋಗಿತ್ತು.

ನನ್ನ ಕೈಯಲ್ಲಿ ಸ್ಟೇಪ್ಲರ್ ಇತ್ತು. ಅದನ್ನು ಎಷ್ಟು ಹೊತ್ತಿನಿಂದ ಒತ್ತುತ್ತಿದ್ದೆನೋ, ಕಾಲ ಬಳಿ ನೆಲದ ಮೇಲೆ ಮಡಿಚಿದ ಪಿನ್ನುಗಳು ಬಿದ್ದಿದ್ದವು. ಸೀಟು ಸಿಗುತ್ತದೋ ಇಲ್ಲವೋ ನನಗೆ ಆಗ ಬೇಕಿರಲಿಲ್ಲ. ಮೇಡಂ ಕೈಬಿಟ್ಟಿರಲಿಲ್ಲ, ಅಷ್ಟು ಸಾಕಾಗಿತ್ತು.

ಮೂರು ವಾರಕ್ಕೆ ಪತ್ರ ಬಂತು. ಶಿವಲೀಲಾ ಫೋನ್ ಹಿಡಿದುಕೊಂಡು ಬಂದು ಕೌಂಟರ್ ಮೇಲಿಟ್ಟಳು. "ಪ್ರಿಂಟ್ ತಗೀರಿ ಅಕ್ಕಾರ" ಎಂದಳು. ಮೊದಲ ಪುಟ ಮಿಷನ್ನಿನಿಂದ ಬಂತು. ಅಭಿನಂದನೆ, ಫೀಸು ಮಾಫಿ. ಅವಳು ನಗಲಿಲ್ಲ, ನಾನೂ ನಗಲಿಲ್ಲ. ಇಬ್ಬರೂ ಮಿಷನ್ನಿನ ಬಾಯಿಯನ್ನೇ ನೋಡುತ್ತಾ ನಿಂತೆವು. ಎರಡನೇ ಪುಟ ಬಂತು. ನಾನು ಗಟ್ಟಿಯಾಗಿ ಓದಿದೆ. ಪ್ರೊಫೆಸರ ಲ್ಯಾಬಿನಲ್ಲಿ ಕೆಲಸ, ಮೊದಲ ಸೆಮಿಸ್ಟರಿನಿಂದ, ತಿಂಗಳು ತಿಂಗಳು.

"ಊಟ ಐತಿ ಹೌದಲ್ರಿ?" ಎಂದು ಕೇಳಿದಳು. ಅವಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು ಇರಬೇಕು.

"ಇದೆ" ಎಂದೆ.

ಎರಡು ಬೆರಳು ತೋರಿಸಿ ಕಾಫಿ ಹೇಳಿದೆ. ಅವಳು ಒಂದು ಗುಟುಕು ಕುಡಿದು, "ಈ ಪ್ರಿಂಟ್ ಸ್ವಲ್ಪ ಮಸುಕಾಗೇತಿ ಅಕ್ಕಾರ, ಇನ್ನೊಂದ ತಗೀರಿ" ಎಂದಳು. ತೆಗೆದುಕೊಟ್ಟೆ.

ಗೋಡೆಯ ಪಟ್ಟಿಯನ್ನು ಈಗ ನಾನೇ ಹೊಸದು ಮಾಡುತ್ತೇನೆ. ಮೇಡಂ ಓದಿಸಿದ ಹಳೆಯ ವಿದ್ಯಾರ್ಥಿಗಳು ಎಲ್ಲೆಲ್ಲಿಂದಲೋ ವಿವರ ಕಳಿಸುತ್ತಾರೆ. ಊಟದ ಕಾಲಂ ಮಾತ್ರ, ಎರಡನೇ ಪುಟ ಓದಿದೆ ಎಂದು ಅವರು ಬರೆಯುವವರೆಗೂ ನಾನು ತುಂಬುವುದಿಲ್ಲ. ಎಲ್‌ಒಆರ್ ಹಾಕಿ ಆಂಟಿ ಎಂದು ಬಂದವರನ್ನು, ನಿನ್ನ ಕೊರತೆ ಏನು ಹೇಳು ಅನ್ನುತ್ತೇನೆ. ಕೆಲವರು ಪಕ್ಕದ ರಸ್ತೆಯ ಅಂಗಡಿಗೆ ಹೋಗುತ್ತಾರೆ.

ಇಷ್ಟು ಬರೆದ ಮೇಲೆ ಮೇಡಂ ಅವರದೂ ಒಂದು ಕೊರತೆ ಬರೆಯಬೇಕು, ಇಲ್ಲದಿದ್ದರೆ ಇದನ್ನು ಅವರೇ ಒಪ್ಪುತ್ತಿರಲಿಲ್ಲ. ಮೀಟಿಂಗಿಗೆ ತಡವಾಗಿ ಹೋಗುತ್ತಿದ್ದರು ಎಂಬುದು ನಾನು ಕಂಡದ್ದಲ್ಲ. ನಾನು ಕಂಡದ್ದು ಬೇರೆ. ಆವತ್ತು ಆಸ್ಪತ್ರೆಯಲ್ಲಿ ಕಾಲು ಗಂಟೆ ನಮ್ಮ ಮುಂದೆ ಕೂತಿದ್ದರು. ಅಂಗಡಿಯ ಬಗ್ಗೆ ಕೇಳಿದರು, ರಜದ ಬಗ್ಗೆ ಕೇಳಿದರು. ಒಂದು ಮಾತು ಹೇಳಿದ್ದರೆ ನಮಗೆ ಆರೇಳು ವಾರದ ಸಂಕಟ ತಪ್ಪುತ್ತಿತ್ತು. ಮಾಡಿದ ಕೆಲಸವನ್ನು ಮಾಡಿದೆ ಎಂದು ಅವರು ಹೇಳುತ್ತಿರಲಿಲ್ಲ.